ಬಾಣಂತಿಯ ನಿದ್ದೆ ಯಾರ ಕೆಲಸ?

"ಮಗು ಮಲಗಿದಾಗ ನೀನೂ ಮಲಗಿಬಿಡಮ್ಮ." ಹೊಸದಾಗಿ ತಾಯಾದವಳಿಗೆ ಈ ಮಾತು ಹೇಳದವರಿಲ್ಲ. ಬೆಂಗಳೂರಿನ ಹಲಸೂರು ಹೆರಿಗೆ ಆಸ್ಪತ್ರೆಯ ನರ್ಸಮ್ಮ ಹೇಳುತ್ತಾರೆ, ಇಂದಿರಾನಗರದ ಡಾಕ್ಟರಮ್ಮ ಹೇಳುತ್ತಾರೆ, ಮಗು ನೋಡಲು ಬಂದ ದೊಡ್ಡಮ್ಮನೂ ಹೇಳುತ್ತಾರೆ. ಮಾತಿನಲ್ಲಿ ತಪ್ಪಿಲ್ಲ. ಆದರೆ ಮಗು ಮಲಗಿದ ಹೊತ್ತಿನಲ್ಲೇ ಕುಕ್ಕರ್ ಇಡಬೇಕು, ಮುಸುರೆ ತೊಳೆಯಬೇಕು, ರಾತ್ರಿಯೆಲ್ಲ ಒದ್ದೆಯಾದ ಬಟ್ಟೆ ಒಗೆದು ಹರವಬೇಕು, ತಾನೂ ಎರಡು ಚೊಂಬು ನೀರು ಹಾಕಿಕೊಳ್ಳಬೇಕು. ಅವನ್ನೆಲ್ಲ ಯಾರು ಮಾಡುತ್ತಾರೆ ಎಂಬುದನ್ನು ಮಾತ್ರ ಯಾರೂ ಹೇಳಿಹೋಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಹುಟ್ಟಿದ ಮಗುವಿಗೆ ದಿನಕ್ಕೆ 8ರಿಂದ 12 ಸಲ ಹಾಲೂಡಿಸಬೇಕು. ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಾಯಿಸಿ, ತಟ್ಟಿ ಮಲಗಿಸಲು ಸಲಕ್ಕೆ ಅರ್ಧ ಗಂಟೆ ಎಂದು ಹಿಡಿದರೂ ನಾಲ್ಕರಿಂದ ಆರು ಗಂಟೆ ಅಲ್ಲೇ ಹೋಯಿತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ಸಮಯ ದಿನಕ್ಕೆ ಸರಾಸರಿ 289 ನಿಮಿಷ. ಮಕ್ಕಳ, ಕಾಯಿಲೆಯವರ ಆರೈಕೆ ಇದರಲ್ಲಿ ಸೇರಿಲ್ಲ. ಎರಡೂ ಕೂಡಿದರೆ ಒಂಬತ್ತರಿಂದ ಹನ್ನೊಂದು ಗಂಟೆ. ಉಳಿದದ್ದು ಹದಿಮೂರು ಗಂಟೆಯಲ್ಲವೇ, ನಿದ್ದೆಗೆ ಬೇಕಾದಷ್ಟಾಯಿತಲ್ಲ ಎಂದು ಕಾಗದದ ಮೇಲೆ ಅನ್ನಿಸುತ್ತದೆ. ಆ ಹದಿಮೂರು ಗಂಟೆ ಒಂದೇ ಕಡೆ ಸಿಗುವುದಿಲ್ಲ. ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗಿದರೂ ಎರಡು ಮೂರು ಗಂಟೆಗೊಮ್ಮೆ ಎದ್ದು ಎದ್ದು ಮಲಗುತ್ತದೆ. ನಡುವಿನ ಬಿಡುವಿನಲ್ಲಿ ಮೊದಲ ಅರ್ಧ ಗಂಟೆಯನ್ನು ಅಡುಗೆಮನೆ ತಿಂದರೆ, ಕಣ್ಣು ಹತ್ತುವಷ್ಟರಲ್ಲಿ ಮಗು ಅಳುತ್ತದೆ. ಇಪ್ಪತ್ತು ನಿಮಿಷದ ಹದಿನೈದು ತುಂಡು ಸೇರಿಸಿದರೆ ಐದು ಗಂಟೆಯ ನಿದ್ದೆ ಆಗುವುದಿಲ್ಲ. ಇದು ಹೆತ್ತವರಿಗೆಲ್ಲ ಗೊತ್ತು.

ಹಾಗಾಗಿ ಮಗು, ಮನೆಗೆಲಸ, ವಿಶ್ರಾಂತಿ ಈ ಮೂರನ್ನೂ ತಾಯಿ ಹೇಗೆ ಸರಿದೂಗಿಸಬೇಕು ಎಂದು ಅವಳನ್ನೇ ಕೇಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅವಳು ಎಷ್ಟೇ ಜಾಣತನದಿಂದ ಗಂಟೆಗಳನ್ನು ಹೊಂದಿಸಿದರೂ ಇಲ್ಲದ ಗಂಟೆ ಹುಟ್ಟುವುದಿಲ್ಲ. ಬಾಣಂತಿಯ ವಿಶ್ರಾಂತಿ ಅವಳು ತನಗೆ ತಾನೇ ಬಿಡುವು ಮಾಡಿಕೊಂಡು ಪಡೆಯುವಂಥದಲ್ಲ. ಅಡುಗೆ, ಪಾತ್ರೆ, ಬಟ್ಟೆಯಂತೆ ಅದೂ ಒಂದು ಕೆಲಸ, ಬೇರೆಯವರು ಮಾಡಿಕೊಡಬೇಕಾದ ಕೆಲಸ. ಯಾರು ಮಾಡುತ್ತಾರೆ ಎಂದು ಹೆಸರಿಟ್ಟು ಹೇಳದಿದ್ದರೆ ಅದು ನಡೆಯುವುದಿಲ್ಲ.

ನಮ್ಮ ಹಳೆಯ ಬಾಣಂತನಕ್ಕೆ ಈ ಸತ್ಯ ಗೊತ್ತಿತ್ತು. ಬಾಣಂತನ ಎಂದೊಡನೆ ನಮಗೆ ನೆನಪಾಗುವುದು ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಕಿವಿಗೆ ಹತ್ತಿ, ತಲೆಗೆ ಕಟ್ಟಿದ ಬಟ್ಟೆ, ಸಾಂಬ್ರಾಣಿ ಹೊಗೆ. ಇವೆಲ್ಲ ಕಣ್ಣಿಗೆ ಕಾಣುವ ಹೊರಗಿನ ಚಿಹ್ನೆಗಳು. ಒಳಗಿದ್ದದ್ದು ಕೆಲಸದ ಹಂಚಿಕೆ. ಹಂಡೆಗೆ ಉರಿ ಹಾಕಲು ಒಬ್ಬರು, ಮಗುವನ್ನು ಕಾಲಮೇಲೆ ಹಾಕಿಕೊಂಡು ಎರೆಯಲು ಒಬ್ಬರು, ಬಾಣಂತಿಗೆ ಹರಳೆಣ್ಣೆ ತಿಕ್ಕಿ ನೀರು ಹಾಕಲು ಒಬ್ಬರು, ಬಾಣಂತಿ ಬಟ್ಟೆ ಒಗೆಯಲು ಇನ್ನೊಬ್ಬರು, ಅಡುಗೆಗೆ ಅಜ್ಜಿ, ಮೇಲುಸ್ತುವಾರಿಗೆ ತಾಯಿ. ಎರೆದು ಧೂಪ ತೋರಿಸಿದ ಮೇಲೆ ತಾಯಿ, ಮಗು ಇಬ್ಬರನ್ನೂ ಹೊದ್ದಿಸಿ ಬಾಗಿಲು ಮುಂದೆ ಮಾಡಿದರೆ, ಬಿಸಿನೀರಿನ ಸುಖಕ್ಕೆ ಇಬ್ಬರೂ ಎರಡು ಮೂರು ತಾಸು ಕದಲುತ್ತಿರಲಿಲ್ಲ. ಐದಾರು ಜೋಡಿ ಕೈ ಸೇರಿ ಒಬ್ಬಳಿಗೆ ದಿನಕ್ಕೊಂದು ಗಟ್ಟಿ ನಿದ್ದೆಯನ್ನು ದುಡಿದು ಕೊಡುತ್ತಿದ್ದವು. ಬಾಣಂತಿಯನ್ನು ತವರಿಗೆ ಕಳಿಸುತ್ತಿದ್ದುದರ ಹಿಂದೆಯೂ ಇದೇ ಬುದ್ಧಿಯಿತ್ತು. ಗಂಡನ ಮನೆಯಲ್ಲಿ ಸೊಸೆ ಮಲಗಿದ್ದರೆ ಒಲೆ ಅವಳನ್ನು ಕರೆಯುತ್ತದೆ. ತವರಿನ ಒಲೆ ಕರೆಯುವುದಿಲ್ಲ.

ಈ ಬಾಣಂತನ ಒಂದೇ ಸಮುದಾಯದ್ದಲ್ಲ. ಶಿವಾಜಿನಗರದಲ್ಲಿ ಘೋಷಾ ಆಸ್ಪತ್ರೆಯಿದೆ. ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ದಾನದಿಂದ, ಪರದೆಯಲ್ಲಿರುವ ಹೆಂಗಸರಿಗಾಗಿ ಕಟ್ಟಿದ ಆಸ್ಪತ್ರೆ ಅದು. ಕನ್ನಡ, ತಮಿಳು, ದಖನಿ ಉರ್ದು, ತೆಲುಗು ಎಲ್ಲ ಮಾತಿನವರೂ ಸೇರುವ ದಂಡಿನ, ಅಂದರೆ ಕಂಟೋನ್ಮೆಂಟಿನ, ಈ ಪ್ರದೇಶದಲ್ಲಿ ಯಾವ ಮನೆಗೆ ಹೋದರೂ ಹೆರಿಗೆಯಾದ ಮೇಲೆ ನಲವತ್ತು ದಿನದ ಲೆಕ್ಕ ಒಂದಿರುತ್ತದೆ. ದೇವರು ಬೇರೆ, ಪಥ್ಯ ಬೇರೆ, ನಲವತ್ತು ದಿನ ಒಂದೇ. ಆಧುನಿಕ ವೈದ್ಯಶಾಸ್ತ್ರವೂ ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಆರು ವಾರ ಬೇಕು ಎನ್ನುತ್ತದೆ. ಆರು ವಾರ ಎಂದರೆ ನಲವತ್ತೆರಡು ದಿನ. ನಮ್ಮ ಅಜ್ಜಿಯರು ಅನುಭವದಿಂದ ಕಂಡುಕೊಂಡ ಅವಧಿ ಎಷ್ಟು ಸರಿಯಾಗಿತ್ತು ನೋಡಿ.

ಹಾಗೆಂದು ನಾನು ಹಳೆಯದನ್ನು ಹೊಗಳಿ ಕೂರಲಾರೆ. ಬಾಣಂತಿಗೆ ಕುಡಿಯುವ ನೀರನ್ನೂ ಅಳೆದು ಕೊಟ್ಟ ಮನೆಗಳಿದ್ದವು. ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಹೊಗೆ ತುಂಬಿಸಿದ್ದುಂಟು. ಹಗಲು ಮಲಗಿದರೆ ಮೈ ಊದುತ್ತದೆ ಎಂದು ತಟ್ಟಿ ಎಬ್ಬಿಸಿದವರೂ ಉಂಟು. ಅದಕ್ಕಿಂತ ಮುಖ್ಯವಾಗಿ, ಆ ಬಾಣಂತನ ಎಲ್ಲರಿಗೂ ಇರಲಿಲ್ಲ. ಕೂಲಿ ಮಾಡಿ ಉಣ್ಣುವವಳು ಹದಿನೈದು ದಿನಕ್ಕೆ ಮಗುವನ್ನು ಮರದ ಜೋಲಿಯಲ್ಲಿ ಹಾಕಿ ಕಳೆಗೆ ಬಾಗಿದ್ದಾಳೆ. ಇನ್ನು, ಮಗಳ ಬಾಣಂತನ ಮಾಡಿದ ತಾಯಿಗೆ ಆ ದಿನಗಳಲ್ಲಿ ಎಷ್ಟು ನಿದ್ದೆಯಾಯಿತು ಎಂದು ಯಾರೂ ಕೇಳಿದ್ದಿಲ್ಲ. ಬಾಣಂತನದ ಪುಣ್ಯವೆಲ್ಲ ನಡುವಯಸ್ಸಿನ ಒಬ್ಬ ಹೆಂಗಸಿನ ಸೊಂಟದ ಮೇಲೆ ನಿಂತಿತ್ತು.

ಈಗ ಆ ಹೆಂಗಸು ಮೊದಲಿನಂತೆ ಸಿಗುವುದಿಲ್ಲ, ಸಿಗಬೇಕು ಎಂದು ಕೇಳುವುದೂ ನ್ಯಾಯವಲ್ಲ. ಅವಳು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ, ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ, ಹಾಸನದಲ್ಲೋ ದಾವಣಗೆರೆಯಲ್ಲೋ ತನ್ನದೇ ಅತ್ತೆಯ ಆರೈಕೆ ಮಾಡುತ್ತಿದ್ದಾಳೆ. ಕೆ.ಆರ್. ಪುರದ ಅಪಾರ್ಟ್‌ಮೆಂಟಿಗೆ ಒಂದು ತಿಂಗಳು ಬಂದು, ಮಂಡಿನೋವಿನಲ್ಲೇ ಲಿಫ್ಟ್ ಹತ್ತಿ ಇಳಿದು, ಊರಿಗೆ ವಾಪಸಾಗುತ್ತಾಳೆ. ಕೈಗಳು ಹೋದವು, ನಿಯಮಗಳು ಮಾತ್ರ ಉಳಿದವು. ಬದನೆಕಾಯಿ ತಿನ್ನಬೇಡ, ತಣ್ಣೀರು ಮುಟ್ಟಬೇಡ, ಹೊರಗೆ ಕಾಲಿಡಬೇಡ ಎಂದು ಫೋನಿನಲ್ಲಿ ಹೇಳುವವರಿದ್ದಾರೆ. ತಣ್ಣೀರು ಮುಟ್ಟದೆ ಪಾತ್ರೆ ತೊಳೆಯುವುದು ಹೇಗೆ? ಹಳೆಯ ನಿಯಮದಲ್ಲಿ ಆ ಪ್ರಶ್ನೆಯೇ ಏಳುತ್ತಿರಲಿಲ್ಲ, ಯಾಕೆಂದರೆ ಪಾತ್ರೆ ತೊಳೆಯುವವರು ಬೇರೆ ಇದ್ದರು.

ದುಡ್ಡಿದ್ದವರು ಕೈಗಳನ್ನು ಕೊಳ್ಳುತ್ತಾರೆ. ಇದು ದಂಡಿನ ಪ್ರದೇಶಕ್ಕೆ ಹೊಸದೇನಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಸೈನ್ಯ ಇಲ್ಲಿಗೆ ಬಂದು ಕಂಟೋನ್ಮೆಂಟ್ ಆದಂದಿನಿಂದ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳಲ್ಲಿ ಮಕ್ಕಳನ್ನು ಸಾಕಿದವರು ಆಯಾಗಳು. ದೊರೆಸಾನಿಯ ಮಗು ರಾತ್ರಿ ಎದ್ದರೆ ಏಳುತ್ತಿದ್ದವಳು ಆಯಾ. ರಜೆಗೆ ಇಂಗ್ಲೆಂಡಿಗೆ ಹಡಗು ಹತ್ತಿದಾಗ ದಾರಿಯುದ್ದಕ್ಕೂ ಮಕ್ಕಳನ್ನು ನೋಡಿಕೊಳ್ಳಲು ಹಿಂದೂಸ್ತಾನದ ಆಯಾಗಳನ್ನು ಜತೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಮುಟ್ಟಿದ ಮೇಲೆ ಎಷ್ಟೋ ಜನರನ್ನು ವಾಪಸು ಕಳಿಸುವ ವ್ಯವಸ್ಥೆಯಿಲ್ಲದೆ ಕೈಬಿಟ್ಟರು. ಅಂಥವರು ತಂಗುತ್ತಿದ್ದ ಆಯಾಗಳ ಮನೆ ಲಂಡನ್ನಿನ ಹ್ಯಾಕ್ನಿಯಲ್ಲಿತ್ತು. 2022ರಲ್ಲಿ ಆ ಕಟ್ಟಡಕ್ಕೆ ನೀಲಿ ಫಲಕ ಹಾಕಿ ನೆನೆದಿದ್ದಾರೆ. ಹಾಗೆ ಸಮುದ್ರ ದಾಟಿದ ಆಯಾಗಳ ಸ್ವಂತ ಮಕ್ಕಳನ್ನು ಯಾರು ಮಲಗಿಸುತ್ತಿದ್ದರು? ಚರಿತ್ರೆಯ ಪುಸ್ತಕಗಳು ಅದನ್ನು ಬರೆದಿಟ್ಟಿಲ್ಲ.

ಆ ಪ್ರಶ್ನೆ ಇವತ್ತಿನದೂ ಹೌದು. ಇಂದಿರಾನಗರದ ಡಿಫೆನ್ಸ್ ಕಾಲೊನಿಯ ಮನೆಗಳಿಗೆ ಬೆಳಿಗ್ಗೆ ಬರುವವರು ದೂಪನಹಳ್ಳಿ, ಮೋಟಪ್ಪನಪಾಳ್ಯ, ಕೋಡಿಹಳ್ಳಿ, ಮರ್ಫಿ ಟೌನ್ ಕಡೆಯ ಹೆಂಗಸರು. ಬಾಣಂತಿ ಮನೆಯ ಕೆಲಸ ಎಂದರೆ ಅವರಿಗೆ ಗೊತ್ತು: ಬಟ್ಟೆ ಎರಡರಷ್ಟು, ಪಾತ್ರೆ ಎರಡರಷ್ಟು, ಹೊತ್ತು ಮಾತ್ರ ಅಷ್ಟೇ. ಅವರಿಗೆ ಹೆರಿಗೆಯಾದಾಗ? 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಹೆರಿಗೆಗೆ 12 ವಾರ ಇದ್ದ ಸಂಬಳದ ರಜೆ 26 ವಾರಕ್ಕೆ ಏರಿತು. ಆದರೆ ಆ ಕಾಯ್ದೆ ಬರೆದದ್ದು ಕಾರ್ಖಾನೆ, ಅಂಗಡಿ, ಕಚೇರಿಗಳಿಗೆ. ಒಬ್ಬರ ಮನೆಯ ಅಡುಗೆಮನೆ ಅದರ ಲೆಕ್ಕದಲ್ಲಿ ಸಂಸ್ಥೆಯಾಗಿರಲಿಲ್ಲ. ಮನೆಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡುವುದರಲ್ಲಿ 2004ರಲ್ಲೇ ದೇಶಕ್ಕೆ ದಾರಿ ತೋರಿದ ರಾಜ್ಯ ನಮ್ಮದು, ಅದು ಹೆಮ್ಮೆಯ ಸಂಗತಿ. ಅವರ ಹೆರಿಗೆ ರಜೆಯ ವಿಷಯದಲ್ಲಿ ಹಾಗೆ ಹೇಳಿಕೊಳ್ಳುವಂಥದ್ದು ಏನೂ ಆಗಿಲ್ಲ. ಕೆಲಸ ಬಿಟ್ಟರೆ ಆ ಮನೆಗೆ ಬೇರೆಯವರು ಬರುತ್ತಾರೆ ಎಂಬ ಭಯಕ್ಕೆ ಅವಳು ಹೊಲಿಗೆ ಮಾಯುವ ಮೊದಲೇ ಪೊರಕೆ ಹಿಡಿಯುತ್ತಾಳೆ, ಕೂಸು ಮನೆಯಲ್ಲಿ ಎಂಟು ಹತ್ತು ವರ್ಷದ ಅಕ್ಕನ ಮಡಿಲಲ್ಲಿರುತ್ತದೆ. ಒಬ್ಬಳ ನಿದ್ದೆಗಾಗಿ ಇನ್ನೊಬ್ಬಳ ನಿದ್ದೆ ಹೋಗುವುದಾದರೆ ಅದನ್ನು ಪರಿಹಾರ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮನೆಗೆಲಸಕ್ಕೆ ಜನ ಇಟ್ಟುಕೊಳ್ಳುವುದು ತಪ್ಪೆಂದು ಹೇಳುತ್ತಿಲ್ಲ. ಅವಳ ಹೆರಿಗೆಯ ತಿಂಗಳುಗಳಿಗೆ ಸಂಬಳ ಕೊಟ್ಟು, ವಾಪಸು ಬಂದಾಗ ಕೆಲಸ ಉಳಿಸಿಕೊಟ್ಟ ಮನೆಗಳೂ ಇವೆ. ಕಾನೂನು ಬರಲೆಂದು ಕಾಯದೆ ಅವು ನಡೆದುಕೊಂಡ ಹಾಗೆ ಉಳಿದವರೂ ನಡೆದುಕೊಳ್ಳಬಹುದು.

ಇನ್ನು ಮನೆಗೆಲಸ ಎಷ್ಟಿರುತ್ತದೆ ಎಂಬುದನ್ನು ಮನೆಯವರು ಮಾತ್ರ ತೀರ್ಮಾನಿಸುವುದಿಲ್ಲ, ಊರೂ ತೀರ್ಮಾನಿಸುತ್ತದೆ. ಬೆಂಗಳೂರಿನ ಪೂರ್ವದಲ್ಲಿ ಅದನ್ನು ತೀರ್ಮಾನಿಸುವುದು ನೀರು. ನಗರಕ್ಕೆ ಹೆಸರಘಟ್ಟದಿಂದ ಕೊಳವೆ ನೀರು ಬಂದದ್ದು 1896ರಲ್ಲಿ, ಕಾವೇರಿ ಬಂದದ್ದು 1974ರಲ್ಲಿ. ಆದರೆ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಮಹದೇವಪುರ, ಕೆ.ಆರ್. ಪುರದ ಆಚೆಯ ಎಷ್ಟೋ ಬಡಾವಣೆಗಳು ಅಷ್ಟು ವರ್ಷವೂ ಬೋರ್‌ವೆಲ್, ಟ್ಯಾಂಕರ್ ನಂಬಿ ಬದುಕಿದವು. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನ ದರ ಏರಿ, ಜನ ಪಟ್ಟ ಪಾಡು ಇನ್ನೂ ಮರೆತಿಲ್ಲ. ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ, ಅದೂ ನಡುರಾತ್ರಿಯೋ ನಸುಕಿನಲ್ಲೋ ಬರುವಾಗ, ಒಬ್ಬರು ಎದ್ದಿರಲೇಬೇಕು. ಸಂಪು ತುಂಬಿತೇ ನೋಡಬೇಕು, ಮೋಟಾರು ಹಾಕಬೇಕು, ಡ್ರಮ್ಮು ಕೊಡ ತುಂಬಿಡಬೇಕು. ಹೇಗೂ ಹಾಲು ಕೊಡಲು ಎದ್ದಿರುತ್ತಾಳಲ್ಲ ಎಂದು ಆ ಕೆಲಸ ಬಾಣಂತಿಯ ಪಾಲಿಗೆ ಬೀಳುತ್ತದೆ. ಮಗು ಮಲಗಿದರೂ ನಲ್ಲಿ ಮಲಗಲು ಬಿಡುವುದಿಲ್ಲ.

ನೀರಿಲ್ಲದಿದ್ದರೆ ಕೂಸಿನ ಬಟ್ಟೆ ಏನಾಗುತ್ತದೆ ಎಂಬುದನ್ನು ಯೋಚಿಸಿ. ಹುಟ್ಟಿದ ಮಗು ದಿನಕ್ಕೆ ಹತ್ತು ಹನ್ನೆರಡು ಲಂಗೋಟಿಯನ್ನಾದರೂ ಒದ್ದೆ ಮಾಡುತ್ತದೆ. ಹಳೆಯ ಸೀರೆಯ ಮೆತ್ತನೆ ಬಟ್ಟೆಗೆ ದುಡ್ಡು ಬೇಡ, ನೀರು ಬೇಕು. ಅಂಗಡಿಯ ಡೈಪರಿಗೆ ನೀರು ಬೇಡ, ದಿನವೂ ದುಡ್ಡು ಬೇಕು. ಇದರಲ್ಲಿ ತಾಯಿಯ ಸೋಮಾರಿತನದ ಮಾತೂ ಇಲ್ಲ, ಜಾಣತನದ ಮಾತೂ ಇಲ್ಲ. ಬಾಣಂತಿ ಇರುವ ಮನೆಗೆ ಹಗಲಿನಲ್ಲಿ ನೀರು ಬಿಡುವುದು ಜಲಮಂಡಳಿಗೆ ಆಗದ ಮಾತು ಇರಬಹುದು. ಹಗಲಿನಲ್ಲೇ ಬರುವ, ಹೇಳಿದ ಹೊತ್ತಿಗೇ ಬರುವ ನೀರು ಒಂದು ಇಡೀ ಬೀದಿಯ ತಾಯಂದಿರಿಗೆ ಸಿಗುವ ನಿದ್ದೆ ಎಂಬುದನ್ನಾದರೂ ಅದು ತಿಳಿದಿರಬೇಕು.

ಈಗ ಗಂಡನ ವಿಷಯಕ್ಕೆ ಬರುತ್ತೇನೆ. ನನಗೆ ಅತ್ಯಂತ ಮುಖ್ಯ ಅನ್ನಿಸುವುದು ಇದೇ.

26 ವಾರದ ರಜೆ ದೊಡ್ಡದು. ಆದರೆ ರಜೆ ಸಿಕ್ಕ ಮರುದಿನವೇ ಅವಳು 'ಮನೆಯಲ್ಲೇ ಇರುವವಳು' ಆಗಿಬಿಡುತ್ತಾಳೆ. ಕಚೇರಿಗೆ ಹೋಗುತ್ತಿದ್ದಾಗ ಇಬ್ಬರೂ ಹಂಚಿಕೊಂಡಿದ್ದ ಅಡುಗೆ, ತರಕಾರಿ, ಬಟ್ಟೆಯೆಲ್ಲ ಹೇಳದೆ ಕೇಳದೆ ಅವಳ ಕಡೆ ಜಾರುತ್ತವೆ. ಮಗುವಿಗಾಗಿ ಕೊಟ್ಟ ರಜೆ ಮನೆಗೆಲಸಕ್ಕೆ ಸವೆಯುತ್ತದೆ. ಗಂಡನಿಗೋ ಖಾಸಗಿ ಕೆಲಸದಲ್ಲಿದ್ದರೆ ಪಿತೃತ್ವ ರಜೆ ಕೊಡಲೇಬೇಕೆಂಬ ಕಾನೂನಿಲ್ಲ, ಕಂಪನಿ ಕೊಟ್ಟಷ್ಟು. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ. ಆ 15 ದಿನವೂ ಆಸ್ಪತ್ರೆಯ ಬಿಲ್ಲು, ಜನನ ಪ್ರಮಾಣಪತ್ರ, ಬಂದವರ ಉಪಚಾರದಲ್ಲೇ ಮುಗಿಯುತ್ತದೆ.

2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ದಿನದಲ್ಲಿ ಒಂದಿಷ್ಟಾದರೂ ಮನೆಗೆಲಸ ಮಾಡಿದ ಹೆಂಗಸರು ನೂರಕ್ಕೆ 81, ಗಂಡಸರು 26. ಮಾಡಿದವರಲ್ಲೂ ಹೆಂಗಸರ ಸರಾಸರಿ 299 ನಿಮಿಷ, ಗಂಡಸರದು 97. ಐದು ವರ್ಷದ ನಂತರ 2024ರಲ್ಲಿ ಅದು 289 ಮತ್ತು 88. ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತೆಂದು ಸಂತೋಷಪಡುವ ಹಾಗಿಲ್ಲ, ಗಂಡಸರದೂ ಒಂಬತ್ತು ನಿಮಿಷ ಇಳಿದಿದೆ. ಮಿಕ್ಸಿ, ವಾಷಿಂಗ್ ಮೆಷಿನ್, ಹೊರಗಿನಿಂದ ತರಿಸುವ ಊಟ ಇವೆಲ್ಲ ಕೆಲಸವನ್ನು ಕಡಿಮೆ ಮಾಡಿರಬಹುದು, ಹಂಚಿಲ್ಲ.

ಇಂದಿರಾನಗರದ ಉದ್ಯಾನಗಳಲ್ಲಿ, ಹಲಸೂರು ಕೆರೆಯ ದಂಡೆಯಲ್ಲಿ, ಈಗ ಸಂಜೆ ಕೂಸನ್ನು ಎದೆಗೆ ಕಟ್ಟಿಕೊಂಡು ಓಡಾಡುವ ತಂದೆಯರು ಕಾಣುತ್ತಾರೆ. ನನ್ನ ಚಿಕ್ಕಂದಿನಲ್ಲಿ ಆ ದೃಶ್ಯ ಇರಲಿಲ್ಲ, ನೋಡಿದರೆ ಖುಷಿಯಾಗುತ್ತದೆ. ಅಲ್ಲೇ ಒಂದು ಮಾತು ಹೇಳಬೇಕು. ಗಂಡ ಮಗುವನ್ನು ಎತ್ತಿಕೊಂಡಾಗ ಹೆಂಡತಿ ಏನು ಮಾಡುತ್ತಿರುತ್ತಾಳೆ? ಬಹಳ ಮನೆಗಳಲ್ಲಿ ಆಗ ಅವಳು ಅಡುಗೆಮನೆಗೆ ಹೋಗಿರುತ್ತಾಳೆ. "ಸ್ವಲ್ಪ ಹಿಡಿದುಕೊಳ್ಳಿ, ಬೇಗ ಸಾರು ಮಾಡಿಬಿಡುತ್ತೇನೆ." ಹೀಗೆ ಮುದ್ದು ಮಾಡುವ ಕೆಲಸ ಅಪ್ಪನಿಗೆ, ಅಜ್ಜಿಗೆ, ಬಂದವರಿಗೆ, ಒಲೆಯ ಕೆಲಸ ತಾಯಿಗೆ. ಇದು ತಿರುಗುಮುರುಗಾಗಬೇಕು. ಹಾಲೂಡಿಸುವುದು ಅವಳೊಬ್ಬಳಿಂದಲೇ ಆಗುವ ಕೆಲಸ. ಸಾರು ಯಾರು ಬೇಕಾದರೂ ಮಾಡಬಹುದು. ಆದ್ದರಿಂದ ಮೊದಲ ಆರು ವಾರವಾದರೂ ತಾಯಿಯ ಪಾಲಿಗೆ ಮಗು ಮತ್ತು ನಿದ್ದೆ, ಉಳಿದವರ ಪಾಲಿಗೆ ಮನೆ. ಅಪ್ಪ ಮಗುವನ್ನು ಎತ್ತಿಕೊಳ್ಳಬಾರದೆಂದಲ್ಲ, ಎತ್ತಿಕೊಳ್ಳಲಿ. ಆಗ ಅವಳು ಮಲಗಲಿ.

ಅವನೂ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ, ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಎರಡು ತಾಸು ನಿಂತು ಬಂದವನಿಗೆ ನಿದ್ದೆ ಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅವನಿಗೂ ನಿದ್ದೆ ಬೇಕು. ಆದರೆ ಅವನ ಮೈಯಲ್ಲಿ ಗಾಯವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ. ಹೊಟ್ಟೆ ಕೊಯ್ಸಿಕೊಂಡು, ಇರುವ ಅಲ್ಪ ರಕ್ತವನ್ನೂ ಹೆರಿಗೆಯಲ್ಲಿ ಕಳೆದುಕೊಂಡು, ಅದರ ಮೇಲೆ ಹಾಲಾಗಿ ತನ್ನನ್ನೇ ಕೊಡುತ್ತಿರುವವಳ ಆಯಾಸವನ್ನು ಆಫೀಸಿನ ಆಯಾಸದ ಪಕ್ಕ ಇಟ್ಟು ತೂಗುವುದು ಸರಿಯಲ್ಲ. ಬೇರೆ ಆಪರೇಷನ್ ಆದವರನ್ನು ಹತ್ತು ದಿನಕ್ಕೆ ಕೊಡ ಎತ್ತಲು ನಾವು ಬಿಡುತ್ತೇವೆಯೇ?

ಮತ್ತೊಂದು ಆಕ್ಷೇಪ ಹೆಂಗಸರಿಂದಲೇ ಬರುತ್ತದೆ, ಅದಕ್ಕೆ ಹೆಚ್ಚು ಗೌರವ ಕೊಡಬೇಕು. ಸುಮ್ಮನೆ ಮಲಗಿದ್ದರೆ ಹುಚ್ಚು ಹಿಡಿದ ಹಾಗಾಗುತ್ತದೆ, ನಾಲ್ಕು ಪಾತ್ರೆ ತೊಳೆದರೇನೇ ಮನಸ್ಸಿಗೆ ಹಗುರ ಎನ್ನುತ್ತಾರೆ. ನಿಜ. ಹಾಸಿಗೆಗೆ ಅಂಟಿಸಿ ಕೂರಿಸುವುದು ವಿಶ್ರಾಂತಿಯಲ್ಲ. ವೈದ್ಯರೂ ಹೆರಿಗೆಯಾದವಳು ಬೇಗ ಎದ್ದು ಓಡಾಡಬೇಕು, ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂದು ಎಚ್ಚರಿಸುತ್ತಾರೆ. ನಾನು ಕೇಳುತ್ತಿರುವುದು ಎರಡನ್ನು ಮಾತ್ರ. ಒಂದು, ದಿನದಲ್ಲಿ ಒಂದು ಸಲವಾದರೂ ನಾಲ್ಕು ಗಂಟೆಯ ಕಡಿಯದ ನಿದ್ದೆ. ಇನ್ನೊಂದು, ಮನೆಯ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಹೊಣೆಯಿಂದ ಬಿಡುಗಡೆ. ಸಾಸಿವೆ ಮುಗಿದಿದೆ, ಗ್ಯಾಸ್ ಬುಕ್ ಮಾಡಬೇಕು, ನಾಳೆ ಲಸಿಕೆಯ ದಿನ, ಹಾಲಿನವನಿಗೆ ದುಡ್ಡು ಕೊಡಬೇಕು. ಹಾಸಿಗೆಯಲ್ಲಿ ಮಲಗಿ ಇದನ್ನೆಲ್ಲ ತಲೆಯಲ್ಲಿ ಹೊತ್ತಿದ್ದರೆ ಕಣ್ಣು ಮುಚ್ಚಿದರೂ ನಿದ್ದೆ ಬರುವುದಿಲ್ಲ. "ಏನು ಮಾಡಲಿ ಹೇಳು, ಮಾಡುತ್ತೇನೆ" ಎನ್ನುವ ಒಳ್ಳೆಯ ಗಂಡಂದಿರಿದ್ದಾರೆ. ಹೇಳುವುದೂ ಒಂದು ಕೆಲಸ ಎಂಬುದು ಅವರಿಗೆ ತಿಳಿಯಬೇಕಾಗಿದೆ.

ನೋಡಲು ಬರುವವರಿಗೂ ಒಂದು ಮಾತು. ಹನ್ನೊಂದನೆಯ ದಿನದ ಪುಣ್ಯಾಹ, ನಾಮಕರಣ, ತೊಟ್ಟಿಲ ಶಾಸ್ತ್ರ ಎಲ್ಲ ಬೇಕು, ಸಂತೋಷ ಹಂಚಿಕೊಳ್ಳದ ಮನೆ ಮನೆಯಲ್ಲ. ಆದರೆ ಬಂದವರಿಗೆ ಬಾಣಂತಿ ಎದ್ದು ಕಾಫಿ ಮಾಡಬಾರದು. ಕಮರ್ಷಿಯಲ್ ಸ್ಟ್ರೀಟಿನ ಫ್ರಾಕಿನ ಬದಲು ಎರಡು ಹೊತ್ತಿನ ಊಟದ ಕ್ಯಾರಿಯರ್ ತನ್ನಿ, ಉಂಡ ಪಾತ್ರೆ ತೊಳೆದಿಟ್ಟು ಹೋಗಿ.

ಇದೆಲ್ಲ ಬರೀ ಸುಖದ ಮಾತಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹೆರಿಗೆಯಾದ ತಾಯಂದಿರಲ್ಲಿ ನೂರಕ್ಕೆ 22 ಜನರನ್ನು ಖಿನ್ನತೆ ಕಾಡುತ್ತದೆ. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಹೆದರುತ್ತಿದ್ದ ತೀವ್ರ ಕಾಯಿಲೆ ಬೇರೆ, ಅದು ಅಪರೂಪ; ಅದರಲ್ಲಿ ನಿದ್ದೆ ಪೂರ್ತಿ ತಪ್ಪುವುದೇ ಮೊದಲ ಸೂಚನೆ ಎಂದು ಮನೋವೈದ್ಯರು ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ, ದೇಶದಲ್ಲಿ ಅಂಥದ್ದು ಅದೇ ಮೊದಲು. ಅಂಥ ಆಸ್ಪತ್ರೆ ಹತ್ತಿರದಲ್ಲಿರುವುದು ನಮ್ಮ ಪುಣ್ಯ. ಎಷ್ಟೋ ತಾಯಂದಿರು ಅಲ್ಲಿಯವರೆಗೆ ಹೋಗಬೇಕಾಗದ ಹಾಗೆ ಮನೆಯಲ್ಲೇ ಏನು ಮಾಡಬಹುದು ಎಂಬುದು ನಮ್ಮ ಕೈಯಲ್ಲಿದೆ, ಅದರಲ್ಲಿ ನಿದ್ದೆ ಮೊದಲನೆಯದು.

ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾಗುತ್ತದೆ. 2007ರಲ್ಲಿ ಮಡಿಲು ಕಿಟ್ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಸೊಳ್ಳೆಪರದೆ, ಹೊದಿಕೆ, ಸೋಪು ಸೇರಿ 19 ವಸ್ತುಗಳ ಚೀಲ. 2017ರ ಗಾಂಧಿ ಜಯಂತಿಯಂದು ಮಾತೃಪೂರ್ಣ ಬಂತು. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಆಶಾ ಕಾರ್ಯಕರ್ತೆ ಆರು ವಾರದಲ್ಲಿ ಆರು ಸಲ ಮನೆಗೆ ಬಂದು ಮಗುವಿನ ತೂಕ, ಜ್ವರ ನೋಡುತ್ತಾರೆ. ವಸ್ತು ಬಂತು, ಊಟ ಬಂತು, ದುಡ್ಡು ಬಂತು. ಕೈ ಬರಲಿಲ್ಲ. ಬಿಸಿಯೂಟಕ್ಕೂ ಅವಳೇ ನಡೆದು ಹೋಗಬೇಕು.

ನೆದರ್ಲೆಂಡ್ಸ್‌ನಲ್ಲಿ ಕೈಯನ್ನೇ ಕಳಿಸುತ್ತಾರೆ. ಹೆರಿಗೆಯಾದ ಮೇಲೆ ತರಬೇತಾದ ಸಹಾಯಕಿ ಒಬ್ಬರು ಒಂದು ವಾರ, ಹತ್ತು ದಿನ ಮನೆಗೇ ಬರುತ್ತಾರೆ. ತಾಯಿಯ ಹೊಲಿಗೆ ನೋಡುತ್ತಾರೆ, ಹಾಲೂಡಿಸಲು ಕಲಿಸುತ್ತಾರೆ, ಜತೆಗೆ ಬಟ್ಟೆ ಒಗೆಯುತ್ತಾರೆ, ಬಚ್ಚಲು ತೊಳೆಯುತ್ತಾರೆ, ದೊಡ್ಡ ಮಗುವಿದ್ದರೆ ಊಟ ಕೊಡುತ್ತಾರೆ. ಕನಿಷ್ಠ 24 ಗಂಟೆ, ಅಗತ್ಯವಿದ್ದರೆ 80 ಗಂಟೆಯವರೆಗೆ. ಖರ್ಚಿನ ಬಹುಪಾಲು ಎಲ್ಲರಿಗೂ ಕಡ್ಡಾಯವಾದ ಆರೋಗ್ಯ ವಿಮೆಯದು. ನಮ್ಮ ಅಜ್ಜಿಯರ ಬಾಣಂತನವನ್ನೇ ಅಲ್ಲಿ ಒಂದು ಉದ್ಯೋಗವಾಗಿ, ಒಂದು ಹಕ್ಕಾಗಿ ಮಾಡಿದ್ದಾರೆ ಅನ್ನಿಸುತ್ತದೆ.

ನಮ್ಮಲ್ಲಿ ಆಗದೇ? ದಿನಕ್ಕೆ ಎರಡು ಗಂಟೆಯಂತೆ ನಲವತ್ತೆರಡು ದಿನ ಎಂದರೆ 84 ಗಂಟೆ. ವಾರ್ಡುಗಳಲ್ಲಿ ಅಂಗನವಾಡಿ, ಸರ್ಕಾರದ 'ನಮ್ಮ ಕ್ಲಿನಿಕ್', ಸ್ತ್ರೀಶಕ್ತಿ ಸಂಘಗಳು ಈಗಾಗಲೇ ಇವೆ. ಎರೆಯಲು ಬಲ್ಲ, ಮಕ್ಕಳನ್ನು ಸಾಕಿ ಪಳಗಿದ ಹೆಂಗಸರು ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಓಣಿ ಓಣಿಯಲ್ಲಿದ್ದಾರೆ. ಅವರಿಗೆ ತರಬೇತಿ, ಸರಿಯಾದ ಸಂಬಳ, ಗುರುತಿನ ಚೀಟಿ ಕೊಟ್ಟು, ಮೊದಲು ಮನೆಗೆಲಸದವರ, ಪೌರಕಾರ್ಮಿಕರ, ಕಟ್ಟಡ ಕೂಲಿಯವರ ಮನೆಗಳಿಗೆ ಕಳಿಸಲಿ. ಹೊಸದಾಗಿ ಆಗಿರುವ ಬೆಂಗಳೂರು ಪೂರ್ವ ನಗರ ಪಾಲಿಕೆ ಒಂದೆರಡು ವಾರ್ಡಿನಲ್ಲಿ ಶುರು ಮಾಡಬಹುದು. ಹೀಗೆ ಕೆಲಸಕ್ಕೆ ಸೇರಿದ ಹೆಂಗಸಿಗೆ ಅಥವಾ ಅವಳ ಮಗಳಿಗೆ ಹೆರಿಗೆಯಾದಾಗ ಆ 84 ಗಂಟೆ ಅವಳ ಮನೆಗೂ ಬರಬೇಕು; ಇಲ್ಲದಿದ್ದರೆ ಆಯಾಗಳ ಕಾಲದ ಅನ್ಯಾಯವೇ ಸರ್ಕಾರಿ ಮೊಹರಿನೊಂದಿಗೆ ಮುಂದುವರಿಯುತ್ತದೆ.

ಆ ವ್ಯವಸ್ಥೆ ಬರುವವರೆಗೆ, ಖರ್ಚೇ ಇಲ್ಲದ ಒಂದನ್ನು ನಾಳೆಯಿಂದಲೇ ಮಾಡಬಹುದು. ಕರ್ನಾಟಕದಲ್ಲಿ ಪ್ರತಿ ಗರ್ಭಿಣಿಗೂ ತಾಯಿ ಕಾರ್ಡ್ ಕೊಡುತ್ತಾರೆ. ತಪಾಸಣೆಯ ದಿನ, ತೂಕ, ರಕ್ತದ ಅಂಶ, ಲಸಿಕೆಯ ತಾರೀಖು ಎಲ್ಲ ಅದರಲ್ಲಿವೆ. ಅದರಲ್ಲಿ ಇನ್ನೊಂದು ಪುಟ ಸೇರಲಿ. ಹೆರಿಗೆಯಾದ ಮೇಲೆ ಆರು ವಾರ ಅಡುಗೆ ಯಾರದು, ಬಟ್ಟೆ ಯಾರದು, ರಾತ್ರಿ ನೀರು ಹಿಡಿಯುವುದು ಯಾರು, ದಿನಕ್ಕೆ ನಾಲ್ಕು ಗಂಟೆ ಮಗುವನ್ನು ನೋಡಿಕೊಳ್ಳುವವರು ಯಾರು? ಏಳನೇ ತಿಂಗಳ ತಪಾಸಣೆಗೆ ಗಂಡ ಜತೆಗೆ ಬರಲಿ, ಅವನನ್ನೇ ಕೂರಿಸಿ ಆ ಖಾಲಿ ಜಾಗಗಳನ್ನು ಅವನ ಕೈಯಲ್ಲೇ ತುಂಬಿಸಲಿ. ಯಾವ ಸಾಲಿನ ಮುಂದೆ ಬರೆಯಲು ಹೆಸರಿಲ್ಲವೋ ಆ ಮನೆಗೆ ಆಶಾ ಕಾರ್ಯಕರ್ತೆ ಹೆರಿಗೆಗೆ ಮೊದಲೇ ಹೋಗಲಿ.